ಹೊಕ್ಕುಳಿಗೆ ಕಟ್ಟಿದ ಕಾಸು

ಹಳೆಯ ನಾಣ್ಯವನ್ನು ಹುಣಸೆಹಣ್ಣು ಹಾಕಿ ತಿಕ್ಕುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಇವತ್ತಿಗೂ ಉರಿಯುತ್ತದೆ, ಬೈಯುವ ಬಾಯಿ ಮಾತ್ರ ಕಟ್ಟಿಹೋಗಿದೆ. ಯಾಕೆಂದರೆ ಹುಣಸೆಹಣ್ಣಿನವರು ಯಾರೂ ಮಾಡದಂಥ ಕೆಲಸವನ್ನು ನಾನು ಮಾಡಿದ್ದೇನೆ. ನನ್ನ ಅಕ್ಕನಿಗೆ ಒಂದೇ ಒಂದು ಮಗು ಹುಟ್ಟಿತ್ತು. ಇಪ್ಪತ್ತಾರು ದಿನ ಬದುಕಿತ್ತು. ಆ ಮಗುವಿನದು ಅಂತ ಈ ಭೂಮಿಯ ಮೇಲೆ ಉಳಿದಿದ್ದು ಒಂದು ತಾಮ್ರದ ಕಾಸಿಗೆ ಅಂಟಿಕೊಂಡಿದ್ದ ಒಂದಿಷ್ಟು ಜಿಡ್ಡು. ಅದನ್ನು ನಾನು ತೆಗೆದುಬಿಟ್ಟೆ. ನನ್ನ ಕೈಯಾರೆ, ಬಹಳ ನಾಜೂಕಾಗಿ, ಕಾಸಿಗೆ ಒಂದು ಗೀರೂ ಬೀಳದ ಹಾಗೆ.

ಕೋಲಾರದ ಒಂದು ಕಾಲೇಜಿನ ರಸಾಯನಶಾಸ್ತ್ರದ ಲ್ಯಾಬಿನಲ್ಲಿ ನಾನು ಅಟೆಂಡರ್ ಆಗಿದ್ದವನು. ಓದಿದ್ದು ಹತ್ತನೇ ತರಗತಿ. ಆದರೆ ಮೂವತ್ತು ವರ್ಷ ಬಾಟಲಿ ತೊಳೆದವನಿಗೆ ಯಾವುದು ಯಾವುದರಲ್ಲಿ ಕರಗುತ್ತದೆ, ಯಾವುದು ಕರಗುವುದಿಲ್ಲ ಅನ್ನೋದು ಮೇಷ್ಟ್ರುಗಳಿಗಿಂತ ಚೆನ್ನಾಗಿ ಗೊತ್ತಿರುತ್ತದೆ. ನಾಣ್ಯದ ಹುಚ್ಚು ಅಲ್ಲೇ ಹತ್ತಿತು. ಕೆರೆ ಹೂಳು ತೆಗೆಯುವಾಗ ಸಿಕ್ಕಿದ್ದು, ಗೋಡೆ ಕೆಡವುವಾಗ ಮಡಕೆಯಲ್ಲಿ ಸಿಕ್ಕಿದ್ದು, ಅಜ್ಜಿಯ ಟ್ರಂಕಿನ ತಳದಲ್ಲಿದ್ದದ್ದು ಅಂತ ಜನ ತಂದು ತೋರಿಸುವರು. ನಮ್ಮ ಮನೆಯ ಕಿಟಕಿಯ ಪಕ್ಕ ಒಂದು ಮೇಜು, ಅದರ ಮೇಲೆ ಗಡಿಯಾರ ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುವ ಗಾಜು, ನಾಲ್ಕು ಗಾಜಿನ ಬಟ್ಟಲು, ಬ್ಯಾಟರಿ ಅಂಗಡಿಯಿಂದ ತಂದ ಡಿಸ್ಟಿಲ್ಡ್ ವಾಟರ್, ಸ್ಪಿರಿಟ್ಟು, ಮತ್ತೆ ಒಂದು ಡಬ್ಬಿ ತುಂಬ ಜಾಲಿ ಮುಳ್ಳು. ಸೂಜಿ ಹಿಡಿದರೆ ಲೋಹ ಗೀಚುತ್ತದೆ. ಜಾಲಿ ಮುಳ್ಳು ಕೊಳೆಯನ್ನು ಎಬ್ಬಿಸುತ್ತದೆಯೇ ಹೊರತು ನಾಣ್ಯವನ್ನು ಮುಟ್ಟುವುದಿಲ್ಲ.

ತೆಗೆಯುವುದಕ್ಕಿಂತ ಮೊದಲು ಗುರುತು ಹಿಡಿಯಬೇಕು. ಇದನ್ನು ಹೇಳಿ ಹೇಳಿ ನನಗೆ ಸಾಕಾಗಿತ್ತು. ತಾಮ್ರದ ಮೇಲಿನ ಹಸಿರೆಲ್ಲ ಒಂದೇ ಅಲ್ಲ. ನುಣ್ಣಗೆ ಗಟ್ಟಿಯಾಗಿ ಕೂತಿದ್ದರೆ ಅದು ತಾಮ್ರದ ಸ್ವಂತ ಚರ್ಮ, ಅದನ್ನು ಮುಟ್ಟಬಾರದು. ಪುಡಿಪುಡಿಯಾಗಿ ಉದುರುತ್ತಿದ್ದರೆ ರೋಗ, ಪಕ್ಕದ ನಾಣ್ಯಕ್ಕೂ ಅಂಟುತ್ತದೆ. ಮುಳ್ಳು ಚುಚ್ಚಿದರೆ ಮೆತ್ತಗೆ ಇಳಿಯಿತೋ, ಅದು ಎಣ್ಣೆ ಇಲ್ಲವೇ ಮೇಣ. ಹಳದಿ ಕಲೆಯ ಮೇಲೆ ಒಂದು ತೊಟ್ಟು ಸುಣ್ಣದ ತಿಳಿ ಬಿಟ್ಟು ನೋಡಿ, ಕೆಂಪಾದರೆ ಅರಿಶಿನ. ಹುತ್ತೂರಿನ ಕಡೆಯ ರೇಷ್ಮೆ ಬೆಳೆಗಾರರೊಬ್ಬರು ಒಂದು ಬೆಳ್ಳಿ ರೂಪಾಯಿ ತಂದಿದ್ದರು. ಮೇಲೆಲ್ಲ ಬೂದುಬಣ್ಣದ ಪೊರೆ. ನಾನು ನೋಡಿದವನೇ, ‘ಹುಳದ ಮನೆಗೆ ಹೊಡೆಯೋ ಬ್ಲೀಚಿಂಗ್ ಪೌಡರ್ ಪಕ್ಕದಲ್ಲಿ ಇಟ್ಟಿದ್ರಾ ಇದನ್ನ?’ ಅಂದೆ. ಮನುಷ್ಯ ಬೆಪ್ಪಾಗಿ, ‘ನೀವೇನು ಶಾಸ್ತ್ರ ಹೇಳ್ತೀರಾ ಸ್ವಾಮಿ?’ ಅಂತ ಕೇಳಿದರು. ಅವತ್ತು ರಾತ್ರಿ ಊಟ ಮಾಡುವಾಗ ಹೆಂಡತಿಗೆ ಅದನ್ನು ಮೂರು ಸಲ ಹೇಳಿದ್ದೆ.

ಬೈದಿದ್ದೇನೂ ಕಡಿಮೆಯಿಲ್ಲ. ಪಕ್ಕದ ಬೀದಿಯ ಮೇಡಂ ಒಬ್ಬರು ಅವರ ಅತ್ತೆಯ ಬೆಳ್ಳಿ ರೂಪಾಯಿಯನ್ನು ಟೂತ್‌ಪೇಸ್ಟಿನಲ್ಲಿ ತಿಕ್ಕಿ, ರಾಜನ ಮೀಸೆ ಮೂಗು ಎಲ್ಲ ಸವೆಸಿ ತಂದಿದ್ದರು. ‘ನೆಗಡಿ ಬಂತೂಂತ ಮೂಗೇ ಕೊಯ್ಕೊಂಡ್ರಲ್ಲ ತಾಯಿ!’ ಅಂದೆ. ಅವರು ಮತ್ತೆ ನಮ್ಮ ಮನೆ ಕಡೆ ತಲೆ ಹಾಕಲಿಲ್ಲ. ಗಡಿಯಾರ ಗೋಪುರದ ಹತ್ತಿರ ಭಾನುವಾರ ಬಟ್ಟೆ ಹಾಸಿ ಹಳೇ ನಾಣ್ಯ ಮಾರುವವನೊಬ್ಬನಿದ್ದ. ಹೊಸ ತಾಮ್ರದ ಬಿಲ್ಲೆಗಳಿಗೆ ಉಪ್ಪು ಸವರಿ, ತಿಪ್ಪೆಯಲ್ಲಿ ಹೂತು, ಹಸಿರು ತರಿಸಿ ಮಾರುತ್ತಿದ್ದ. ಮೂಸಿ ನೋಡಿಯೇ ಕಂಡುಹಿಡಿದೆ. ಜನರ ಮುಂದೆಯೇ, ‘ಥೂ, ಕಳ್ಳನನ್ನಾದ್ರೂ ಕ್ಷಮಿಸಬಹುದು ಕಣೋ, ಇಲ್ಲದ ಕೊಳೆ ಹಚ್ಚಿ ಮಾರೋ ನಿನ್ನನ್ನ ಕ್ಷಮಿಸಬಾರದು’ ಅಂದೆ. ಅವನು ತಲೆ ತಗ್ಗಿಸಿ ಬಟ್ಟೆ ಮಡಚಿಕೊಂಡು ಹೋದ. ಆ ಮಾತು ನನ್ನ ಕಿವಿಯಲ್ಲಿ ಇನ್ನೂ ಇದೆ.

ಇನ್ನು ಆ ಕಾಸಿನ ವಿಷಯ ಹೇಳುತ್ತೇನೆ.

ನಮ್ಮೂರು ಮುಳಬಾಗಿಲು ತಾಲ್ಲೂಕಿನ ತಾಯಲೂರಿನ ಹತ್ತಿರ. ನಮ್ಮ ಮನೆಯಲ್ಲಿ ಒಂದು ಕಾಲಾಣೆ ಇತ್ತು, ದೊಡ್ಡ ತಾಮ್ರದ ಕಾಸು, ಮೇಲೆ ರಾಣಿಯ ತಲೆ, ಅಂಚಿನಲ್ಲಿ ಒಂದು ಸಣ್ಣ ಕಚ್ಚು. ನಮ್ಮಮ್ಮ ತವರಿನಿಂದ ತಂದದ್ದು. ಎಳೆಮಗುವಿಗೆ ಬಳ್ಳಿ ಉದುರಿದ ಮೇಲೆ ಹೊಕ್ಕುಳು ಉಬ್ಬಿ ಗೋಲಿಯಂತೆ ಹೊರಗೆ ಬಂದರೆ, ಆ ಕಾಸನ್ನು ಹಳೇ ಬಟ್ಟೆಯಲ್ಲಿ ಸುತ್ತಿ, ಹರಳೆಣ್ಣೆ ಅರಿಶಿನ ಸವರಿ, ಹೊಕ್ಕುಳ ಮೇಲಿಟ್ಟು ಹೊಟ್ಟೆಗೆ ಪಟ್ಟಿ ಕಟ್ಟುತ್ತಿದ್ದರು. ನಮ್ಮ ಕಡೆ ಎಲ್ಲರ ಮನೆಯಲ್ಲೂ ಹೀಗೆ ಒಂದು ಕಾಸು ಇರುತ್ತಿತ್ತು. ಅಕ್ಕನಿಗೂ ಅದನ್ನೇ ಕಟ್ಟಿದ್ದರಂತೆ, ನನಗೂ ಅದನ್ನೇ. ಪ್ರತಿಸಲವೂ ಬಿಚ್ಚಿದ ಮೇಲೆ ಅಮ್ಮ ಬೂದಿ ಹಾಕಿ ಬೆಳಗಿ ಮುಂದಿನ ಮಗುವಿಗೆ ಅಂತ ಎತ್ತಿಡುತ್ತಿದ್ದಳು.

ಅಕ್ಕ ನನಗಿಂತ ಆರು ವರ್ಷಕ್ಕೆ ದೊಡ್ಡವಳು. ಶ್ರೀನಿವಾಸಪುರದ ಕಡೆ ಕೊಟ್ಟಿದ್ದರು. ಚೊಚ್ಚಲ ಬಾಣಂತನಕ್ಕೆ ನಮ್ಮ ಮನೆಗೆ ಬಂದಳು. ಹೆಣ್ಣುಮಗು. ಆಗ ನನಗೆ ಹದಿನೆಂಟು. ಹನ್ನೆರಡನೇ ದಿನಕ್ಕೋ ಏನೋ ಹೊಕ್ಕುಳು ಉಬ್ಬಿತು, ಅಮ್ಮ ಕಾಸು ಕಟ್ಟಿದಳು. ಇಪ್ಪತ್ತೈದನೇ ದಿನ ಮಗು ಹಾಲು ಕುಡಿಯುವುದನ್ನು ಬಿಟ್ಟಿತು. ಮಾರನೆಯ ದಿನ ಬೆಳಗಿನ ಬಸ್ಸಿಗೆ ಮುಳಬಾಗಿಲಿಗೆ ಒಯ್ದರು, ಮಧ್ಯಾಹ್ನದ ಬಸ್ಸಿಗೆ ವಾಪಸ್ಸು ತಂದರು. ಸಂಜೆ ಅಪ್ಪನೂ ನಾನೂ ಕೆರೆ ಏರಿಯ ಪಕ್ಕದ ಹೊಂಗೆ ಮರದ ಬುಡದಲ್ಲಿ ಮಣ್ಣು ಮಾಡಿ ಬಂದೆವು. ಗುದ್ದಲಿ ಹಿಡಿದವನು ನಾನೇ. ಹೆಸರಿಡುವುದಕ್ಕೆ ಇನ್ನೂ ದಿನ ನೋಡಿರಲಿಲ್ಲ. ಫೋಟೋ ತೆಗೆಸುವ ಮಾತಂತೂ ದೂರ. ಎಲ್ಲರೂ ಪಾಪು, ಪಾಪು ಅನ್ನುತ್ತಿದ್ದೆವು, ಅಷ್ಟೇ.

ಆ ಕಾಸನ್ನು ಅಕ್ಕ ಅಮ್ಮನಿಗೆ ವಾಪಸ್ಸು ಕೊಡಲಿಲ್ಲ. ಅಮ್ಮನೂ ಕೇಳಲಿಲ್ಲ. ಎಷ್ಟೋ ವರ್ಷ ಆದಮೇಲೆ ನನ್ನ ಮಗಳು ಹುಟ್ಟಿದಾಗ ನಾನು, ‘ಅಮ್ಮಾ, ಹೊಕ್ಳು ಕಾಸು ಎಲ್ಲಿ?’ ಅಂದರೆ, ‘ಎಲ್ಲೋ ಕಳೆದೋಯ್ತು ಕಣೋ’ ಅಂದಳು. ಒಲೆಯ ಕಡೆ ತಿರುಗಿಕೊಂಡು ಅಂದಳು. ಸುಳ್ಳು ಅಂತ ಆಗ ನನಗೆ ಹೊಳೆಯಲಿಲ್ಲ. ಅಕ್ಕನಿಗೆ ಮತ್ತೆ ಮಕ್ಕಳಾಗಲಿಲ್ಲ. ಮೈದುನನ ಮೂರು ಮಕ್ಕಳನ್ನು ಮೀಯಿಸಿ ಉಣಿಸಿ ಬೆಳೆಸಿದಳು. ಅವರು ಅವಳನ್ನು ದೊಡ್ಡಮ್ಮ ಅಂತ ತಲೆ ಮೇಲೆ ಇಟ್ಟುಕೊಂಡಿದ್ದಾರೆ, ಇಲ್ಲ ಅನ್ನಬಾರದು. ನಮ್ಮೂರಿನ ಕೆರೆ ಏರಿಯ ಮೇಲೆ ರಸ್ತೆ ಅಗಲ ಮಾಡುವಾಗ ಹೊಂಗೆ ಮರ ಹೋಯಿತು. ಅದರ ಬುಡವೂ ಹೋಯಿತು. ಈಗ ಅಲ್ಲಿ ಡಾಂಬರು.

ಎರಡು ವರ್ಷದ ಹಿಂದೆ ಮಾಲೂರಿನಲ್ಲಿರುವ ನನ್ನ ಮಗಳು ಹೆರಿಗೆಗೆ ಕೋಲಾರಕ್ಕೆ, ನಮ್ಮ ಮನೆಗೆ ಬಂದಳು. ಮೊಮ್ಮಗ ಹುಟ್ಟಿದ. ಮೂರು ವಾರ ಕಳೆದ ಮೇಲೆ, ಅತ್ತಾಗಲೆಲ್ಲ ಹೊಕ್ಕುಳು ಉಬ್ಬಿ ನಿಲ್ಲುವುದು. ನನ್ನ ಹೆಂಡತಿ ಗಾಬರಿಯಾಗಿ ಫೋನಿನಲ್ಲಿ ಅಕ್ಕನ ಹತ್ತಿರ ಹೇಳಿಕೊಂಡಳು. ಮಾರನೆಯ ಬೆಳಿಗ್ಗೆ ಹತ್ತು ಗಂಟೆಗೆಲ್ಲ ಅಕ್ಕ ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ಬಾಣಂತಿಗೆ ಅಂತ ಎರಡು ಕಟ್ಟು ಸಬ್ಬಸಿಗೆ ಸೊಪ್ಪು. ಕಾಲು ತೊಳೆದು ಬಂದು, ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು, ಸೊಂಟದ ಎಲೆಅಡಿಕೆ ಸಂಚಿ ಬಿಚ್ಚಿದಳು. ಸಂಚಿಯ ಒಳಗಿನ ಮಡಿಕೆಯಿಂದ ಒಂದು ಬಟ್ಟೆ ಗಂಟು, ಗಂಟಿನೊಳಗಿಂದ ಆ ಕಾಸು. ನಲವತ್ತು ವರ್ಷ ಮೇಲಾಗಿತ್ತು ನಾನು ಅದನ್ನು ನೋಡಿ.

‘ಇದ್ನ ಕಟ್ಟಿ’ ಅಂದಳು.

‘ಅಕ್ಕಾ, ಇದು ನಿನ್ನತ್ರ ಇತ್ತಾ? ಅಮ್ಮ ಕಳೆದೋಯ್ತು ಅಂದಿದ್ಳು!’

‘ಅಮ್ಮ ಹಂಗೇ ಅಂತಿದ್ಳು. ತಗೊ. ಇಷ್ಟು ದಿನ ಯಾರಿಗೂ ಕೊಟ್ಟಿಲ್ಲ. ನಮ್ಮ ಮೈದುನನ ಮಕ್ಳಿಗೂ ಕೊಡ್ಲಿಲ್ಲ. ಈ ಕೂಸು ನಮ್ಮಪ್ಪನಂಗೆ ಐತೆ ನೋಡು, ಇದಕ್ಕೆ ಕೊಡ್ಬೇಕು ಅನ್ನಿಸ್ತು.’

ಕೊಡುವ ಮುಂಚೆ ಅವಳು ಕಾಸನ್ನು ಹೆಬ್ಬೆರಳಿನಿಂದ ಒಮ್ಮೆ ಸವರಿದಳು. ಧೂಳು ಒರೆಸುತ್ತಿದ್ದಾಳೆ ಅಂದುಕೊಂಡೆ. ‘ಹಂಗೇ ಕಟ್ಟಿ. ಮೇಲೊಂದು ಹೊಸ ಬಟ್ಟೆ ಸುತ್ತಿ, ಹಂಗೇ ಕಟ್ಟಿ’ ಅಂದಳು. ಎರಡು ಸಲ ಅಂದಳು. ನಾನು ಹೂಂ ಅಂದೆ. ಊಟ ಮಾಡಿ, ಮಧ್ಯಾಹ್ನದ ಬಸ್ಸಿಗೆ ಹೊರಟಳು.

ನನ್ನ ಕಣ್ಣಿಗೆ ಆ ಕಾಸಿನ ಮೇಲೆ ಕಂಡದ್ದೇ ಬೇರೆ. ಹಸಿರು. ಬಟ್ಟೆ ಸುತ್ತಿದರೇನು, ಎಳೆಮಗುವಿನ ಮೈಗೆ ಯಾರಾದರೂ ಕಿಲುಬು ಕಟ್ಟುತ್ತಾರಾ? ಅಕ್ಕನಿಗೇನು ಗೊತ್ತು, ಓದು ಬರಹ ಇಲ್ಲದವಳು, ಅಂದುಕೊಂಡೆ. ಹೌದು, ಹಾಗೇ ಅಂದುಕೊಂಡೆ, ಈಗ ಯಾಕೆ ಮುಚ್ಚಿಡಲಿ. ಅವತ್ತೇ ಮೇಜಿಗೆ ಕೂತೆ.

ಕಣ್ಣಿಗೆ ಗಾಜು ಸಿಕ್ಕಿಸಿಕೊಂಡು ನೋಡಿದರೆ ಅಂಥ ಜಿಡ್ಡನ್ನು ನಾನು ಎಂದೂ ಕಂಡಿರಲಿಲ್ಲ. ಒಂದು ಬದಿಗೆ ತೆಳು ಪೊರೆ. ಇನ್ನೊಂದು ಬದಿಗೆ, ರಾಣಿಯ ಮುಖದ ಮೇಲೆ, ದಪ್ಪಗೆ ಹಸಿರು ಮೇಣದಂಥದು. ಮುಳ್ಳು ಮೆತ್ತಗೆ ಇಳಿಯಿತು. ಎಣ್ಣೆ. ಒಂದು ಚೂರು ತೆಗೆದು ಸ್ಪಿರಿಟ್ಟಿಗೆ ಹಾಕಿದರೆ ಕರಗಿತು. ಬೇರೆ ಅಡಿಗೆ ಎಣ್ಣೆಗಳು ಸ್ಪಿರಿಟ್ಟಿನಲ್ಲಿ ಕರಗುವುದಿಲ್ಲ, ಹರಳೆಣ್ಣೆ ಕರಗುತ್ತದೆ. ಹರಳೆಣ್ಣೆ ತಾಮ್ರದ ಜೊತೆ ವರ್ಷಗಟ್ಟಲೆ ಕೂತು ಹಸಿರು ಮೇಣವಾಗಿದೆ. ಅಲ್ಲಲ್ಲಿ ಹಳದಿ, ಸುಣ್ಣದ ತಿಳಿ ಬಿಟ್ಟೆ, ಕೆಂಪಾಯಿತು. ಮೇಣದ ಮೇಲೆ ಬಟ್ಟೆಯ ನೇಯ್ಗೆ ಅಚ್ಚೊತ್ತಿದ ಹಾಗೆ ಎಳೆ ಎಳೆಯಾಗಿ ಮೂಡಿತ್ತು. ಎರಡು ನೂಲು ಇನ್ನೂ ಅಂಟಿಕೊಂಡೇ ಇದ್ದವು. ಎಲ್ಲಕ್ಕಿಂತ ವಿಚಿತ್ರ ಅಂದರೆ ನಡುವೆ ಒಂದು ಸಣ್ಣ ಗುಳಿ. ಅವರೆಕಾಳು ಒತ್ತಿ ತೆಗೆದ ಹಾಗೆ, ಆದರೆ ಅಷ್ಟು ಗುಂಡಗಲ್ಲ, ಒಂದು ಕಡೆಗೆ ಕೊಂಚ ವಾಲಿದ್ದು. ಸುತ್ತ ಮೇಣ ದಪ್ಪ, ನಡುವೆ ಗುಳಿ ನುಣುಪು.

ನಾನು ಶುದ್ಧಿ ಮಾಡಿದ ಪ್ರತಿ ನಾಣ್ಯಕ್ಕೂ ಒಂದು ಸಾಲು ಬರೆದಿಡುವ ನೋಟುಪುಸ್ತಕ ಇದೆ. ಅದರಲ್ಲಿ ನನ್ನ ಅಕ್ಷರದಲ್ಲೇ ಹೀಗಿದೆ: ‘ಕಾಲಾಣೆ, ತಾಮ್ರ. ಹರಳೆಣ್ಣೆ, ಅರಿಶಿನ, ಹತ್ತಿ ನೂಲು. ನಡುವೆ ಗುಳಿ, ಕಾರಣ ತಿಳಿಯದು.’

ಕಾರಣ ತಿಳಿಯದು! ಹೊಕ್ಕುಳಿಗೆ ಕಟ್ಟಿದ ಕಾಸು ಅಂತ ಗೊತ್ತು. ಕಡೆಗೆ ಕಟ್ಟಿದ್ದು ಯಾವ ಮಗುವಿಗೆ ಅಂತ ಗೊತ್ತು. ಆ ಮಗುವಿಗೆ ಗುಂಡಿ ತೋಡಿದವನು ನಾನೇ. ಆದರೂ ಆ ಗುಳಿ ಏನು ಅಂತ ನನ್ನ ತಲೆಗೆ ಹೋಗಲಿಲ್ಲ. ಬಿಚ್ಚಿದ ಮೇಲೆ ಅಮ್ಮ ಬೂದಿ ಹಾಕಿ ಬೆಳಗದೆ ಉಳಿದದ್ದು ಅದೊಂದೇ ಸಲ ಅನ್ನೋದೂ ಹೊಳೆಯಲಿಲ್ಲ. ಹೊಳೆದಿದ್ದು ಒಂದೇ, ಕೆಳಗಿರುವ ರಾಣಿಯ ಮುಖ ಎಷ್ಟು ಚೆನ್ನಾಗಿ ಉಳಿದಿರಬಹುದು ಅಂತ.

ಉಜ್ಜಲಿಲ್ಲ. ನಾನು ಯಾವತ್ತೂ ಉಜ್ಜುವವನಲ್ಲ. ಸ್ಪಿರಿಟ್ಟಿನಲ್ಲಿ ಇಟ್ಟೆ, ತೆಗೆದೆ, ಹತ್ತಿಯಲ್ಲಿ ಒತ್ತಿದೆ, ಮುಳ್ಳಿನಿಂದ ಅಂಚು ಎಬ್ಬಿಸಿದೆ, ಮತ್ತೆ ಇಟ್ಟೆ. ಎರಡು ದಿನ. ಮೊದಲು ನೇಯ್ಗೆಯ ಗುರುತು ಹೋಯಿತು. ನೂಲುಗಳನ್ನು ಚಿಮಟದಲ್ಲಿ ಎತ್ತಿ ಪೇಪರಿನ ಮೇಲೆ ಒರೆಸಿದೆ. ಗುಳಿ ಅಗಲವಾಗುತ್ತಾ ಆಗುತ್ತಾ ಎಲ್ಲ ಒಂದೇ ಸಮವಾಯಿತು. ಬಟ್ಟಲಿನ ಸ್ಪಿರಿಟ್ಟು ತಿಳಿ ಹಸಿರಾಗಿತ್ತು. ಅದನ್ನು ಬಚ್ಚಲಿಗೆ ಚೆಲ್ಲಿದೆ.

ಕಾಸು ಕಾಫಿ ಬೀಜದ ಬಣ್ಣಕ್ಕೆ ಬಂದಿತ್ತು, ರಾಣಿಯ ಜಡೆಯ ಎಳೆ ಎಳೆಯೂ ಕಾಣುತ್ತಿತ್ತು. ಹೆಂಡತಿಗೆ ತೋರಿಸಿದೆ. ಅವಳ ಮುಖ ಸಣ್ಣದಾಯಿತು. ‘ಅತ್ತಿಗೆ ಹಂಗೇ ಕಟ್ಟಿ ಅಂದಿದ್ರಲ್ರೀ?’

‘ನಿಂಗೇನೇ ಗೊತ್ತು, ಸುಮ್ನಿರೇ. ವಿಷ ಅದು.’

ಅಷ್ಟೆಲ್ಲ ಮಾಡಿ ಕಾಸನ್ನು ಕಟ್ಟಿದೆವಾ? ಅದೂ ಇಲ್ಲ. ಮಗಳು ಅದನ್ನು ಕೈಗೂ ತೆಗೆದುಕೊಳ್ಳಲಿಲ್ಲ. ‘ಅಪ್ಪಾ, ಕಾಸು ಗೀಸು ಏನೂ ಕಟ್ಟಬೇಡಿ ಅಂದಿದ್ದಾರೆ ಡಾಕ್ಟ್ರು. ತಾನಾಗೇ ಒಳಗೆ ಹೋಗತ್ತಂತೆ’ ಅಂದಳು. ಅವಳು ಹೇಳಿದ್ದು ಸರಿಯೇ. ಮೊದಲೇ ಕೇಳಿದ್ದರೆ ಆಗುತ್ತಿತ್ತು. ಅಕ್ಕನೂ ಕೇಳಲಿಲ್ಲ, ನಾನೂ ಕೇಳಲಿಲ್ಲ.

ಆ ವಾರವೇ ಕಾಸನ್ನು ವಾಪಸ್ಸು ಕೊಡಲು ಶ್ರೀನಿವಾಸಪುರದ ಬಸ್ಸು ಹತ್ತಿದೆ. ಒಂದು ಸಣ್ಣ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹತ್ತಿ ಹಾಸಿ ಒಡವೆಯ ಹಾಗೆ ಇಟ್ಟುಕೊಂಡು ಹೋದೆ. ದಾರಿಯುದ್ದಕ್ಕೂ ಅಕ್ಕ ಬೆರಗಾಗುವುದನ್ನೇ ನೆನೆಸಿಕೊಳ್ಳುತ್ತಿದ್ದೆ. ಅಕ್ಕ ಪಡಸಾಲೆಯಲ್ಲಿ ಕೂತು ಹುರುಳಿಯಲ್ಲಿ ಕಲ್ಲು ಆರಿಸುತ್ತಿದ್ದಳು. ಡಬ್ಬಿ ತೆರೆದು ಕಾಸನ್ನು ಅವಳ ಅಂಗೈಗೆ ಹಾಕಿದೆ.

ಅವಳು ಅದನ್ನು ನೋಡಲಿಲ್ಲ. ನೋಡುವ ಮೊದಲೇ ಹೆಬ್ಬೆರಳು ಕಾಸಿನ ನಡುವೆ ಹೋಯಿತು. ಅಲ್ಲಿ ಸವರಿತು. ತಿರುಗಿಸಿ ಇನ್ನೊಂದು ಬದಿ ಸವರಿತು. ಮತ್ತೆ ಈ ಬದಿ. ಆಗ ನನಗೆ ಆ ಗುಳಿ ಏನು ಅಂತ ಗೊತ್ತಾಯಿತು. ಆ ಎಳೆ ಹೊಕ್ಕುಳು ಹದಿನಾಲ್ಕು ದಿನ ಒಳಗಿನಿಂದ ಒತ್ತಿ ಒತ್ತಿ ಮಾಡಿಕೊಂಡಿದ್ದ ಜಾಗ ಅದು. ಅಕ್ಕನ ಹೆಬ್ಬೆರಳು ಇಷ್ಟು ವರ್ಷ ದಿನಾ ಎಲೆಅಡಿಕೆ ತೆಗೆಯುವ ನೆಪದಲ್ಲಿ ಸಂಚಿಯೊಳಗೆ ಹೋಗಿ ಬರುತ್ತಿದ್ದ ಜಾಗ.

‘ಇದಲ್ಲ ಕಣೋ’ ಅಂದಳು ಅಕ್ಕ. ‘ಇದು ನಂದಲ್ಲ. ನಿನ್ನತ್ರ ಇಂಥವು ಎಷ್ಟೋ ಇರ್ತಾವೆ, ಯಾವ್ದೋ ಬೆರೆಸ್ಕೊಂಡ್ ತಂದಿದ್ದೀಯ.’

ಆಗಲೇ ಬಾಯಿ ಬಿಡಬೇಕಿತ್ತು. ಊರವರಿಗೆಲ್ಲ ಬುದ್ಧಿ ಹೇಳಿದ ಬಾಯಿ. ‘ಇರಬಹುದಕ್ಕಾ, ಬೆರೆತಿರಬಹುದು, ಹುಡುಕ್ತೀನಿ’ ಅಂದುಬಿಟ್ಟೆ. ಕೊಟ್ಟ ಕಾಫಿ ಅರ್ಧ ಕುಡಿದು, ಕಾಸನ್ನು ಡಬ್ಬಿಗೆ ಹಾಕಿಕೊಂಡು ಎದ್ದು ಬಂದೆ. ಮನೆಗೆ ಬಂದವನೇ ಪೇಪರು, ಹತ್ತಿ, ಕಸದ ಬುಟ್ಟಿ ಎಲ್ಲ ತಡಕಾಡಿದೆ. ಕಸದ ಗಾಡಿ ಬಂದು ಹೋಗಿ ಮೂರು ದಿನವಾಗಿತ್ತು. ಬಚ್ಚಲ ತೂಬಿನ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದೆ. ಹೆಂಡತಿ ಬಂದು ನೋಡಿ ಹೋದಳು.

ಆಮೇಲೆ ಅಕ್ಕನ ಫೋನು ಶುರುವಾಯಿತು. ಮೈದುನನ ಮೊಮ್ಮಗಳ ಕೈಲಿ ನಂಬರು ಒತ್ತಿಸಿ ವಾರಕ್ಕೊಂದು ಸಲ ಮಾಡುವಳು. ಮಗು ಹೇಗಿದೆ, ಬಾಣಂತಿ ಉಣ್ತಾಳಾ, ಅಂತೆಲ್ಲ ಆದಮೇಲೆ ಕೊನೆಗೆ ಅದೇ ಮಾತು.

‘ಸಿಕ್ತೇನ್ಲಾ?’

‘ಹುಡುಕ್ತಾ ಇದೀನಕ್ಕಾ.’

‘ನೋಡು ನಾಯ್ನಾ. ಎಲ್ಲೂ ಹೋಗಿರಲ್ಲ. ಸಮಾಧಾನವಾಗಿ ನೋಡು.’

ಅವಳೇ ನನಗೆ ಸಮಾಧಾನ ಹೇಳುತ್ತಿದ್ದಳು. ನಾಲ್ಕು ತಿಂಗಳು ಹೀಗೇ ನಡೆಯಿತು. ಒಂದು ಸಲ ಹೆಂಡತಿ, ‘ನಿಜ ಹೇಳ್ಬಿಡಿ’ ಅಂದಳು. ಅವಳ ಮೇಲೆ ಹರಿಹಾಯ್ದೆ. ಆಮೇಲೆ ಆ ಗಡಿಯಾರ ಗೋಪುರದವನು ನೆನಪಾದ.

ಇಲ್ಲದ ಕೊಳೆ ಹಚ್ಚುವ ಕೆಲಸಕ್ಕೆ ನಾನೇ ಕೂತೆ.

ಒಂದು ಮಾತು ತಿಳಿಯಬೇಕಿತ್ತು. ಮುಂದಿನ ಸಲ ಫೋನು ಬಂದಾಗ ಕೇಳಿದೆ, ‘ಅಕ್ಕಾ, ಆ ಕಾಸು ಸುತ್ತಿದ್ದು ಯಾವ ಬಟ್ಟೆ, ಗ್ಯಾಪಕ ಐತಾ?’

‘ಅಪ್ಪನ ಪಂಚೆ. ಅಂಚು ಹರಿದೋಗಿದ್ದ ಹಳೇದು. ಅಮ್ಮ ಹರಿದು ಕೊಟ್ಳು. ಯಾಕ್ಲಾ?’

‘ಸುಮ್ನೆ. ಗುರುತಿಗೆ.’

ಅಕ್ಕ ‘ಹೂಂ’ ಅಂದು ಫೋನು ಇಟ್ಟಳು.

ಅಪ್ಪನ ಹಳೇ ಪಂಚೆಗಳನ್ನೆಲ್ಲ ಅಮ್ಮ ಒಂದರ ಮೇಲೊಂದು ಇಟ್ಟು ಹೊಲಿದು ಬೊಂತೆ ಮಾಡಿದ್ದಳು. ಅದು ನನ್ನ ಹತ್ತಿರವೇ ಇತ್ತು, ಚಳಿಗೆ ಹೊದೆಯುತ್ತಿದ್ದೆ. ಅದರ ಒಳಪದರ ಬಿಚ್ಚಿ ಅಂಗೈಯಗಲ ಕತ್ತರಿಸಿದೆ. ಹರಳೆಣ್ಣೆಯನ್ನು ಮುಳಬಾಗಿಲಿನಿಂದ ತಂದೆ, ಊರಿನ ಎಣ್ಣೆಯೇ ಆಗಲಿ ಅಂತ. ತಾಮ್ರದ ಚೂರುಗಳ ಜೊತೆ ಅದನ್ನು ಬಿಸಿಲಿಗಿಟ್ಟು, ಬೇಗ ಆಗಲಿ ಅಂತ ಒಂದು ತೊಟ್ಟು ವಿನೆಗರ್ ಬಿಟ್ಟು, ತಾರಸಿಯ ಮೇಲೆ ಬೇಸಿಗೆ ಪೂರ್ತಿ ಕಾಯ್ದೆ. ಎಣ್ಣೆ ಹಸಿರಾಯಿತು, ಮಂದವಾಯಿತು. ಅರಿಶಿನ ಸೇರಿಸಿದೆ. ಕಾಸಿನ ಮೇಲೆ ಪದರ ಪದರವಾಗಿ ಸವರಿ, ಪಂಚೆಯ ತುಂಡು ಸುತ್ತಿ, ಕಲ್ಲು ಹೇರಿ, ಒಣಗಿಸಿ, ಬಿಚ್ಚಿ ಮತ್ತೆ ಸವರಿ. ನೇಯ್ಗೆಯ ಗುರುತು ಬಂತು. ಎರಡು ನೂಲನ್ನೂ ಬಿಟ್ಟೆ. ಬಚ್ಚಲಿಗೆ ಚೆಲ್ಲಿದ ಬಣ್ಣವೇ ಬಂದು ಕೂತ ಹಾಗಿತ್ತು.

ಉಳಿದದ್ದು ಗುಳಿ. ನೋಟುಪುಸ್ತಕದಲ್ಲಿ ‘ನಡುವೆ ಗುಳಿ’ ಅಂತಷ್ಟೇ ಇದೆ. ಎಷ್ಟು ಅಗಲ, ಎಷ್ಟು ಆಳ, ಯಾವ ಕಡೆಗೆ ವಾಲಿತ್ತು, ಒಂದೂ ಬರೆದಿಲ್ಲ. ಅವರೆಕಾಳು ಒತ್ತಿ ನೋಡಿದೆ, ಗೋಲಿ ಒತ್ತಿ ನೋಡಿದೆ, ಎರಡೂ ಬಹಳ ಗುಂಡಗೆ ಬಂದವು. ಕೊನೆಗೆ ಮೇಣ ಹದವಾಗಿದ್ದಾಗ ಬಟ್ಟೆಯ ಮೇಲಿನಿಂದ ನನ್ನ ಎಡಗೈ ಕಿರುಬೆರಳಿನ ತುದಿ ಇಟ್ಟು ಮೆಲ್ಲಗೆ ಒತ್ತಿ, ಹಾಗೇ ಹಿಡಿದುಕೊಂಡೆ. ಎತ್ತಿ ನೋಡಿದರೆ ಗುಳಿ ನುಣ್ಣಗೆ, ಒಂದು ಕಡೆಗೆ ಕೊಂಚ ವಾಲಿ, ಇದೇ ಸರಿ ಅನ್ನುವ ಹಾಗೆ ಮೂಡಿತ್ತು. ಗಾಜು ಹಾಕಿ ನೋಡಿದೆ. ಯಾರಾದರೂ ತಂದುಕೊಟ್ಟಿದ್ದರೆ ನಾನೂ ಮೋಸ ಹೋಗುತ್ತಿದ್ದೆ. ದೇವರಾಣೆ, ಆ ಹೊತ್ತು ನನಗೆ ಸ್ವಲ್ಪ ಹೆಮ್ಮೆಯೂ ಆಯಿತು.

ಹೊಸ ಎಣ್ಣೆಯ ವಾಸನೆ ಹೋಗಲಿ ಅಂತ ಒಂದು ತಿಂಗಳು ಹೊಗೆಸೊಪ್ಪಿನ ಚೂರಿನ ಜೊತೆ ಕಟ್ಟಿಟ್ಟು, ಆಮೇಲೆ ತೆಗೆದುಕೊಂಡು ಹೋದೆ. ‘ಸಿಕ್ತಕ್ಕಾ’ ಅಂತ ಫೋನಿನಲ್ಲೇ ಹೇಳಿದ್ದೆ. ಅಕ್ಕ ಮುದ್ದೆ, ಹುರುಳಿ ಸಾರು ಮಾಡಿಸಿ ಕಾಯುತ್ತಿದ್ದಳು. ಊಟ ಆಗಲಿ ಅನ್ನಲಿಲ್ಲ, ನೀರು ಕುಡಿ ಅನ್ನಲಿಲ್ಲ. ಪಡಸಾಲೆಗೆ ಬಂದು ಎದುರಿಗೆ ಕೂತು ಕೈ ಚಾಚಿದಳು. ಬಟ್ಟೆ ಬಿಚ್ಚಿ ಕಾಸನ್ನು ಇಟ್ಟೆ.

ಹೆಬ್ಬೆರಳು ಹೋಯಿತು. ಗುಳಿಯಲ್ಲಿ ಇಳಿಯಿತು. ಅಕ್ಕ ಕಣ್ಣು ಮುಚ್ಚಿದಳು. ಅವಳ ಮುಖ ಒಂದು ಗಳಿಗೆ ಸಡಿಲವಾಯಿತು. ಹೆಬ್ಬೆರಳು ಅಲ್ಲೇ ಒಂದು ಸುತ್ತು ಸುತ್ತಿತು. ಇನ್ನೊಂದು ಸುತ್ತು. ನಿಂತಿತು.

ಅಕ್ಕ ಕಣ್ಣು ಬಿಟ್ಟು ನನ್ನ ಎಡಗೈಯನ್ನು ಎಳೆದುಕೊಂಡಳು. ಒಂದೊಂದೇ ಬೆರಳಿನ ತುದಿ ಮುಟ್ಟಿ ನೋಡುತ್ತಾ ಬಂದಳು. ಕಿರುಬೆರಳಿನ ಹತ್ತಿರ ನಿಲ್ಲಿಸಿದಳು.

‘ಇದು ನಿನ್ ಬೆರಳು ಕಣ್ಲಾ’ ಅಂದಳು.

ಆ ಕಿರುಬೆರಳನ್ನು ತನ್ನ ಮುಷ್ಟಿಯಲ್ಲಿ ಹಿಡಿದುಕೊಂಡಳು.

‘ಪಾಪ, ಎಷ್ಟು ದಿನ ಕೂತ್ಕೊಂಡ್ ಮಾಡಿದ್ಯೋ.’

ಅತ್ತುಬಿಟ್ಟೆ. ಅರವತ್ತು ದಾಟಿದ ಗಂಡಸು, ಒಳಗೆ ಹೆಂಗಸರು ಮಕ್ಕಳು ಇದ್ದಾರೆ ಅನ್ನೋದೂ ನೋಡದೆ ಗೋಳೋ ಅಂತ ಅತ್ತೆ. ‘ಅಕ್ಕಾ, ಅವತ್ತು ಕೊಟ್ನಲ್ಲ, ಅದೇ ನಿನ್ ಕಾಸು. ನಾನೇ ತೆಗೆದ್ಬಿಟ್ಟೆ. ಎಲ್ಲಾ ನಾನೇ ಕರಗಿಸ್ಬಿಟ್ಟೆ.’

‘ಗೊತ್ತು. ಅವತ್ತೇ ಗೊತ್ತಾಯ್ತು. ಅಂಚಲ್ಲಿ ಒಂದು ಕಚ್ಚು ಇತ್ತಲ್ಲ, ಅದು ಹಂಗೇ ಇತ್ತು.’

‘ಮತ್ತೆ ಸಿಕ್ತಾ ಸಿಕ್ತಾ ಅಂತ ಯಾಕಕ್ಕಾ ಕೇಳ್ತಿದ್ದೆ?’

ಅಕ್ಕ ಸೆರಗಿನಿಂದ ಮೂಗು ಒರೆಸಿಕೊಂಡಳು. ‘ನೀನು ಹುಡುಕ್ತೀನಿ ಅಂದ್ಯಲ್ಲ. ಸಿಗಬೋದೇನೋ ಅಂದ್ಕೊಂಡೆ.’

ಆಮೇಲೆ ಕಾಸನ್ನು ಅದೇ ಬಟ್ಟೆಯಲ್ಲಿ ಸುತ್ತಿ ನನ್ನ ಶರ್ಟಿನ ಜೇಬಿಗೆ ಹಾಕಿದಳು. ‘ಇದು ನೀನೇ ಇಟ್ಕೊ. ನಂದು ಹೋಯ್ತು ಬಿಡು’ ಅಂದಳು. ಎದ್ದು ಎರಡು ಹೆಜ್ಜೆ ಇಟ್ಟು ತಿರುಗಿ, ‘ಆ ಕೂಸಿನ ಹೊಕ್ಳು ಒಳಕ್ಕೋಯ್ತಾ?’ ಅಂತ ಕೇಳಿದಳು.

‘ಹೋಯ್ತಕ್ಕಾ. ಡಾಕ್ಟ್ರು ಅಂದಂಗೇ ತಾನಾಗೇ ಹೋಯ್ತು.’

‘ಒಳ್ಳೇದಾಯ್ತು. ಬಾ, ಉಣ್ಣು. ಮುದ್ದೆ ಆರೋಗ್ತೈತೆ.’

ಈಗ ವಾರಕ್ಕೊಂದು ಸಲ ಅಕ್ಕನ ಫೋನು ಬರುತ್ತದೆ. ಮಗು ಹೇಗಿದೆ ಅಂತ ಕೇಳುತ್ತಾಳೆ, ಮಳೆ ಬಂತಾ ಅಂತ ಕೇಳುತ್ತಾಳೆ, ಇಡುತ್ತಾಳೆ. ಎಲೆಅಡಿಕೆ ಬಿಟ್ಟಿದ್ದಾಳಂತೆ, ಸಂಚಿಯನ್ನು ಗೂಟಕ್ಕೆ ನೇತುಹಾಕಿದ್ದಾಳಂತೆ. ನಾನು ನಾಣ್ಯಗಳ ಸಹವಾಸ ಬಿಟ್ಟೆ. ಯಾರಾದರೂ ತಂದರೆ ಕಣ್ಣು ಕಾಣಲ್ಲ ಅಂತ ಹೇಳಿ ಕಳಿಸುತ್ತೇನೆ. ಸ್ಪಿರಿಟ್ಟು, ಬಟ್ಟಲು ಎಲ್ಲ ಹೋದವು, ಆ ಒಂದು ಕಾಸು ಮಾತ್ರ ಮೇಜಿನ ಮೇಲಿದೆ. ಕೂತಲ್ಲಿ ಕೈ ತಾನಾಗಿ ಅದರ ಕಡೆ ಹೋಗುತ್ತದೆ. ನನ್ನ ಕಿರುಬೆರಳು ಆ ಗುಳಿಯಲ್ಲಿ ಸರಿಯಾಗಿ ಕೂರುತ್ತದೆ.